ಹಳೆಯ ಎರ್ಟಿಗಾ ಆಟೊಮ್ಯಾಟಿಕ್: ನಾಲ್ಕು ಗೇರು, ಒಂದು ಓವರ್‌ಡ್ರೈವ್ ಬಟನ್

2018ರ ನವೆಂಬರ್‌ನಲ್ಲಿ ಬಿಡುಗಡೆಯಾದ ಎರಡನೇ ತಲೆಮಾರಿನ ಮಾರುತಿ ಸುಝುಕಿ ಎರ್ಟಿಗಾದ ಪೆಟ್ರೋಲ್ ಆಟೊಮ್ಯಾಟಿಕ್ ಮಾದರಿಯಲ್ಲಿ, 2022ರಲ್ಲಿ ಆರು ಗೇರಿನ ವ್ಯವಸ್ಥೆ ಬರುವವರೆಗೂ, ನಾಲ್ಕೇ ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ದ್ರವದ ಮೂಲಕ ಸಾಗಿಸುವ) ಗೇರ್‌ಬಾಕ್ಸ್ ಇತ್ತು. ಈ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತಿವೆ. ‘ನಾಲ್ಕು ಗೇರು ಹಳೇ ಕಾಲದ್ದು’ ಎಂಬ ದೂರಿನಲ್ಲಿ ಸತ್ಯವಿದೆಯಾದರೂ, ಗೇರ್ ಲಿವರಿನಲ್ಲೇ ಇರುವ ಓವರ್‌ಡ್ರೈವ್ ಬಟನ್ನನ್ನು ಬಳಸುವವರ ಕೈಯಲ್ಲಿ ಇದು ಬೇರೆಯೇ ಗಾಡಿಯಂತೆ ಓಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂರನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಬರುವುದೂ ಒಂದೇ ಸುತ್ತು. ನಾಲ್ಕನೆಯದರಲ್ಲಿ ಎಂಜಿನ್ ಸುಮಾರು 0.7 ಸುತ್ತು ತಿರುಗಿದರೆ ಸಾಕು, ಇದೇ ಓವರ್‌ಡ್ರೈವ್. ಬಟನ್ ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ‘ಓ/ಡಿ ಆಫ್’ ದೀಪ ಹೊತ್ತಿಕೊಂಡು, ಗಾಡಿ ಮೂರನೇ ಗೇರನ್ನು ದಾಟುವುದಿಲ್ಲ. ನಾಲ್ಕರಲ್ಲಿ 2,100ರಷ್ಟಿದ್ದ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಅದೇ ವೇಗದಲ್ಲಿ 3,000ಕ್ಕೆ ಏರುತ್ತದೆ, ಸದ್ದೂ ಹೆಚ್ಚುತ್ತದೆ. ಮೊದಲ ಸಲ ಕೇಳಿದವರು ಗಾಬರಿಯಾಗುವುದುಂಟು. ಅದು ಸಹಜವಾದ ಸದ್ದೇ.

ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಈ ಬಟನ್ ಇದ್ದೂ ಇಲ್ಲದಂತೆ. ಮೂವತ್ತರ ವೇಗದಲ್ಲಿ ಗಾಡಿ ಹೇಗೂ ನಾಲ್ಕನೇ ಗೇರಿಗೆ ಹೋಗುವುದಿಲ್ಲವಾದ್ದರಿಂದ ಒತ್ತಿದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಹಾಸನದ ಕಡೆಯ ಚತುಷ್ಪಥ ಹೆದ್ದಾರಿಯಲ್ಲಂತೂ ಓವರ್‌ಡ್ರೈವ್ ಚಾಲೂ ಇರಲೇಬೇಕು. ಬಿಎಸ್-6 (ಹೊಗೆ ನಿಯಮ) ಆಟೊಮ್ಯಾಟಿಕ್‌ಗೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟಿರುವ ಮೈಲೇಜ್ ಲೀಟರಿಗೆ 17.99 ಕಿ.ಮೀ.; ಮ್ಯಾನುಯಲ್‌ನದು 19.01. ನಾಲ್ಕನೇ ಗೇರನ್ನು ತಡೆದಿಟ್ಟು ಹೆದ್ದಾರಿಯಲ್ಲಿ ಓಡಿಸಿದರೆ ಈ ಅಂತರ ಇನ್ನಷ್ಟು ಹಿಗ್ಗುತ್ತದೆ.

ಬಟನ್ನಿನ ಬೆಲೆ ತಿಳಿಯುವುದು ಸಕಲೇಶಪುರದಾಚೆಯ ಘಾಟಿಯಲ್ಲಿ. 1,462 ಸಿಸಿ ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 138 ಎನ್‌ಎಂ, ಅದೂ 4,400 ಆರ್‌ಪಿಎಂನಲ್ಲಿ. ಏಳು ಜನ ಕುಳಿತು ಶಿರಾಡಿಯಲ್ಲಿ ಮಂಗಳೂರಿನಿಂದ ಮೇಲೆ ಬರುವಾಗ ನಾಲ್ಕನೇ ಗೇರಿನಲ್ಲಿ ಎಳೆಯುವ ಶಕ್ತಿ ಸಾಲದು. ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತುಸು ಸಡಿಲಿಸಿದೊಡನೆ ಗೇರ್‌ಬಾಕ್ಸ್ ನಾಲ್ಕಕ್ಕೆ ಏರುತ್ತದೆ, ತಿರುವು ಮುಗಿದು ಮತ್ತೆ ಒತ್ತಿದಾಗ ಕ್ಷಣ ಯೋಚಿಸಿ ಮೂರಕ್ಕೆ ಇಳಿಯುತ್ತದೆ, ಮುಂದಿನ ತಿರುವಿನಲ್ಲಿ ಪುನಃ ಅದೇ ಕತೆ. ಈ ಏರಿಳಿತದಿಂದ ಪ್ರಯಾಣಿಕರಿಗೆ ಕಿರಿಕಿರಿ, ಗೇರ್ ಆಯಿಲಿಗೆ ಅನಗತ್ಯ ಬಿಸಿ. ಬಟನ್ ಒತ್ತಿ ಮೂರರಲ್ಲೇ ಹಿಡಿದಿಟ್ಟರೆ ಕಾಲಿನ ಆಜ್ಞೆಗೆ ಎಂಜಿನ್ ಕೂಡಲೇ ಓಗೊಡುತ್ತದೆ. ಮುಂದೆ ಹೋಗುತ್ತಿರುವ ಲಾರಿಯನ್ನು ಹಿಂದಿಕ್ಕುವಾಗಲೂ, ಹಿಂದಿಕ್ಕಲು ಹೊರಡುವ ಮೊದಲೇ ಒತ್ತಿಕೊಂಡರೆ ಗೇರು ಇಳಿಯುವವರೆಗೆ ಕಾಯುವ ಆ ಕಸಿವಿಸಿಯ ಕ್ಷಣ ತಪ್ಪುತ್ತದೆ.

ಇಳಿಜಾರಿನಲ್ಲಿ ಮಾತ್ರ ಈ ಬಟನ್ನಿನ ಮಿತಿಯನ್ನು ಅರಿತಿರಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮೂರನೇ ಗೇರು ಕೊಡುವ ಎಂಜಿನ್ ಬ್ರೇಕಿಂಗ್ (ಎಂಜಿನ್ನೇ ಗಾಡಿಯ ವೇಗವನ್ನು ತಡೆಯುವುದು) ಸೌಮ್ಯವಾದದ್ದು. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಅದು ಏನೇನೂ ಸಾಲದು. ಅಲ್ಲಿ ಲಿವರನ್ನು ‘2’ಕ್ಕೆ ತರಬೇಕು. ಓವರ್‌ಡ್ರೈವ್ ಆಫ್ ಮಾಡಿದ್ದೇವೆಂಬ ಧೈರ್ಯದಲ್ಲಿ ಸೋಮೇಶ್ವರದವರೆಗೂ ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಬ್ರೇಕ್ ಪ್ಯಾಡಿನ ಸುಟ್ಟ ವಾಸನೆ ಮೂಗಿಗೆ ಬಡಿಯುವುದು ಖಚಿತ. ಆರು ಗೇರಿನ ಹೊಸ ಮಾದರಿಯಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಒಂದೊಂದೇ ಗೇರು ಇಳಿಸಬಹುದಾದ್ದರಿಂದ ಘಾಟಿಯ ಮಟ್ಟಿಗೆ ಅದೇ ಮೇಲು, ಅನುಮಾನವಿಲ್ಲ. ಆದರೆ ಬಹುಪಾಲು ಊರೊಳಗೇ ಓಡಿಸುತ್ತ, ವರ್ಷಕ್ಕೆ ಕೆಲವು ಸಲ ಧರ್ಮಸ್ಥಳಕ್ಕೋ ಉಡುಪಿಗೋ ಹೋಗುವ ಕುಟುಂಬ ಅದಕ್ಕಾಗಿ ಹೆಚ್ಚು ಹಣ ಸುರಿಯಬೇಕೆಂದು ನನಗನಿಸುವುದಿಲ್ಲ. ಹಳೆಯದರ ಗೇರು ಬದಲಾವಣೆ ನಿಧಾನವಾದರೂ ನಯವಾಗಿದೆ. ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ) ಕಾರುಗಳ ತೂಗಾಟ ಇಲ್ಲಿಲ್ಲ.

ಕೊಳ್ಳುವ ಮುನ್ನ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಎಪ್ಪತ್ತರ ವೇಗದಲ್ಲಿ ಸಮನಾಗಿ ಓಡಿಸುತ್ತ ಬಟನ್ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಜಗ್ಗಾಟವಿಲ್ಲದೆ ಮೇಲೇರಬೇಕು, ಮತ್ತೊಮ್ಮೆ ಒತ್ತಿದಾಗ ಹಾಗೆಯೇ ಇಳಿಯಬೇಕು. ಮುಳ್ಳು ಮೇಲೇರದೇ ಇದ್ದರೆ, ಇಲ್ಲವೇ ಧಡಕ್ಕೆಂದು ಗುದ್ದಿದಂತಾದರೆ, ನಂಬಿಕೆಯ ಮೆಕ್ಯಾನಿಕ್‌ನಿಂದ ಗೇರ್ ಆಯಿಲ್ ತೆಗೆಸಿ ನೋಡಿ. ಅದು ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಆ ಗಾಡಿಯ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.