ಉಡುಪಿಯಲ್ಲಿ ಋತುಬಂಧದ ಸಮಾಲೋಚನೆ: ಎರಡು ಭೇಟಿಗಳ ಅನುಭವ

ಮುಟ್ಟು ನಿಂತು ಒಂದೂವರೆ ವರ್ಷವಾಗಿದ್ದರೂ, ರಾತ್ರಿ ಮೂರು ಮೂರು ಬಾರಿ ಬೆವರಿ ಏಳುವುದನ್ನು ನಾನು ನಮ್ಮ ಕರಾವಳಿಯ ಸೆಕೆಯ ಲೆಕ್ಕಕ್ಕೇ ಹಾಕಿದ್ದೆ. ಡಿಸೆಂಬರಿನಲ್ಲೂ ದಿಂಬು ಒದ್ದೆಯಾಗತೊಡಗಿದಾಗ ಅಕ್ಕನ ಒತ್ತಾಯಕ್ಕೆ ಉಡುಪಿಯ ಖಾಸಗಿ ಆಸ್ಪತ್ರೆಯೊಂದರ ಸ್ತ್ರೀರೋಗ ವಿಭಾಗಕ್ಕೆ, ಋತುಬಂಧದ ಇಂಥ ತೊಂದರೆಗಳಿಗೆ ಕೊಡುವ ಹಾರ್ಮೋನ್ ಚಿಕಿತ್ಸೆ ನನಗೆ ಬೇಕೋ ಬೇಡವೋ ಎಂದು ಕೇಳಲು ಹೋದೆ.

ಟೋಕನ್ ಪಡೆದು ಎರಡು ಗಂಟೆ ಕಾದದ್ದನ್ನು ಸಹಿಸಿಕೊಂಡೆ. ಆದರೆ ಹೆಸರು ಬರೆಸುವ ಕೌಂಟರಿನಲ್ಲಿ, ಹಿಂದೆ ನಿಂತ ಗಂಡಸರಿಗೂ ಕೇಳುವಂತೆ, "ಅಮ್ಮಾ, ಮುಟ್ಟು ನಿಂತು ಎಷ್ಟು ಸಮಯ ಆಯ್ತು?" ಎಂದು ವಿಚಾರಿಸಿದ್ದು ನನಗೆ ತುಂಬಾ ನೋವು ತಂದಿತು.

ವೈದ್ಯೆಯ ಕೋಣೆಯೊಳಗಿನ ಅನುಭವ ಬೇರೆಯೇ ಆಗಿತ್ತು. ಈ ಔಷಧಿಯಿಂದ ಕ್ಯಾನ್ಸರ್ ಬರುತ್ತದಂತೆ ಎಂಬ ನನ್ನ ಭಯವನ್ನು ಅವರು ತಳ್ಳಿಹಾಕದೆ, ಅದರ ಮೂಲವಾದ 2002ರ ಅಮೆರಿಕದ ಅಧ್ಯಯನದ ಅಂಕಿಗಳನ್ನು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು: ಔಷಧಿ ಪಡೆಯದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 30 ಮಂದಿಗೆ ಸ್ತನ ಕ್ಯಾನ್ಸರ್, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರೋನ್‌ನಂಥದ್ದು) ಎಂಬ ಎರಡೂ ಹಾರ್ಮೋನುಗಳನ್ನು ಪಡೆದವರಲ್ಲಿ ಸುಮಾರು 38. ಅಲ್ಲಿದ್ದವರ ಸರಾಸರಿ ವಯಸ್ಸು 63 ಆಗಿತ್ತೆಂದೂ, 60ರೊಳಗಿನವರಿಗೆ ಅಥವಾ ಮುಟ್ಟು ನಿಂತು 10 ವರ್ಷ ದಾಟದವರಿಗೆ, ತೊಂದರೆ ತೀವ್ರವಾಗಿದ್ದು ಬೇರೆ ಅಡ್ಡಿಗಳಿಲ್ಲದಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದೂ ವಿವರಿಸಿದರು. ಆ ಎಂಟರ ವ್ಯತ್ಯಾಸವನ್ನು ಬರಹದಲ್ಲಿ ಕಂಡ ಮೇಲೆ ನನಗೆ ಯೋಚಿಸಲು ಸಾಧ್ಯವಾಯಿತು.

ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಿತ್ತಜನಕಾಂಗದ ಕಾಯಿಲೆ, ಮುಟ್ಟು ನಿಂತ ಮೇಲೆ ಕಾಣಿಸಿದ ರಕ್ತಸ್ರಾವ, ಇವೆಲ್ಲವನ್ನೂ ಒಂದೊಂದಾಗಿ ಕೇಳಿ, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿ, "ಇವತ್ತೇ ತೀರ್ಮಾನಿಸಬೇಕೆಂದಿಲ್ಲ, ಮನೆಯಲ್ಲಿ ಮಾತಾಡಿ ಬನ್ನಿ" ಎಂದರು.

ತಿಂಗಳ ನಂತರ ನಾನು ಒಪ್ಪಿದೆ. ಗರ್ಭಕೋಶ ಇರುವುದರಿಂದ ಅದರ ಒಳಪದರದ ರಕ್ಷಣೆಗೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರೋನ್ ಇರಲೇಬೇಕು; ಈಸ್ಟ್ರೋಜನ್ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯೆಂದು ಅದನ್ನೇ ಬರೆದುಕೊಟ್ಟರು. ಮೆಡಿಕಲ್‌ನವರು ತರಿಸಿಕೊಡಲು ಎರಡು ದಿನ ತೆಗೆದುಕೊಂಡರು. ಈಗ ಆರನೆಯ ವಾರ. ಬೆಳಗಿನ ಐದರವರೆಗೆ ಎಚ್ಚರವಾಗದೆ ಮಲಗುತ್ತಿದ್ದೇನೆ.

ಇದೇ ತೊಳಲಾಟದಲ್ಲಿರುವವರು ತಮ್ಮ ಹಳೆಯ ವರದಿಗಳನ್ನೆಲ್ಲ ಹಿಡಿದುಕೊಂಡು ಖಂಡಿತ ಹೋಗಬಹುದು. ಕೌಂಟರಿನ ಪ್ರಶ್ನೆಗಳನ್ನು ಕೋಣೆಯೊಳಗೆ ಕೇಳಬೇಕೆಂದು ಸಲಹಾ ಪೆಟ್ಟಿಗೆಗೆ ಬರೆದು ಹಾಕಿ ಬಂದಿದ್ದೇನೆ; ಮೂರು ತಿಂಗಳ ತಪಾಸಣೆಗೆ ಹೋದಾಗ ಅಲ್ಲಿ ಬದಲಾವಣೆ ಕಂಡರೆ ಅದನ್ನೂ ಇಲ್ಲಿ ಸೇರಿಸುತ್ತೇನೆ.