ಕರ್ವಾಲೊ, ಮೂಕಜ್ಜಿ, ಮದುಮಗಳು: ಯಾವುದನ್ನು ಮೊದಲು ಓದೋದು?

ಓದೋ ಅಭ್ಯಾಸ ಬಿಟ್ಟುಹೋಗಿದೆ, ಈ ಮೂರು ಕಾದಂಬರಿಗಳಲ್ಲಿ ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೂರೂ ನನಗೆ ತುಂಬಾ ಇಷ್ಟ.

ಮೊದಲು ಸಮಯದ ಮಾತು. ತೇಜಸ್ವಿಯವರ ‘ಕರ್ವಾಲೊ’ (1980) ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಪುಟದಲ್ಲಿ ದೊಡ್ಡದಲ್ಲ, ಆದರೆ ಓದು ನಿಧಾನ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) 700 ಪುಟಗಳ ಆಸುಪಾಸು. ಅದಕ್ಕೆ ಒಂದು ಮಳೆಗಾಲವೇ ಬೇಕು.

ಭಾಷೆಯಲ್ಲಿ ‘ಕರ್ವಾಲೊ’ ಸಲೀಸು. ಪಕ್ಕದಲ್ಲಿ ಕೂತು ಯಾರೋ ಕಥೆ ಹೇಳಿದ ಹಾಗೆ. ‘ಮದುಮಗಳು’ ಹಾಗಲ್ಲ. ಮಲೆನಾಡಿನ ಮಾತು, ಹತ್ತಾರು ಮನೆತನ, ಹೆಸರುಗಳ ರಾಶಿ. ನಾನು ಎರಡು ಸಲ ಅರ್ಧಕ್ಕೇ ಬಿಟ್ಟೆ. ಮೂರನೇ ಸಲ ಒಂದು ಹಾಳೆಯಲ್ಲಿ ಯಾರು ಯಾವ ಮನೆಯವರು ಅಂತ ಬರೆದಿಟ್ಟುಕೊಂಡೆ. ಆಮೇಲೆ ಗುತ್ತಿ, ಅವನ ನಾಯಿ ಹುಲಿಯ ಇಬ್ಬರೂ ನಮ್ಮೂರಿನವರೇ ಆಗಿಬಿಟ್ಟರು. ಈಗಲೂ ಜೋರು ಮಳೆ ಬಂದರೆ ಹುಲಿಯನ ನೆನಪಾಗುತ್ತದೆ.

ಮೂಕಜ್ಜಿಯಲ್ಲಿ ಘಟನೆ ಕಡಿಮೆ, ಮಾತು ಜಾಸ್ತಿ. ಕೈಗೆ ಕೊಟ್ಟ ಹಳೆಯ ವಸ್ತುವನ್ನು ಮುಟ್ಟಿ ಅಜ್ಜಿ ಅದರ ಹಿಂದಿನ ಕಾಲವನ್ನೇ ಕಾಣುತ್ತಾಳೆ. ದೇವರು, ಗಂಡು-ಹೆಣ್ಣು, ಸಾವಿನ ಬಗ್ಗೆ ಅವಳು ಅಂಜದೆ ಮಾತಾಡುತ್ತಾಳೆ. ಮನೆಯಲ್ಲಿ ಚರ್ಚೆ ಮಾಡೋರು ಇದ್ದರೆ ಇದನ್ನೇ ತಗೊಳ್ಳಿ.

ಬಸ್ಸಲ್ಲಿ, ಊಟದ ಬಿಡುವಲ್ಲಿ ಓದುವವರಿಗೆ ‘ಕರ್ವಾಲೊ’ ಒಳ್ಳೆಯದು. ಹಾರುವ ಓತಿಯ ಬೆನ್ನು ಹತ್ತಿದ ಮೇಲೆ ಕೆಳಗಿಡೋದೇ ಕಷ್ಟ, ಹೈಸ್ಕೂಲ್ ಮಕ್ಕಳಿಗೂ ಕೊಡಬಹುದು. ದಿನಾ ರಾತ್ರಿ ಒಂದು ಗಂಟೆ ಸಿಗುತ್ತದೆ, ಅವಸರ ಇಲ್ಲ ಅಂದರೆ ಮಾತ್ರ ‘ಮದುಮಗಳು’ ಹಿಡಿಯಿರಿ. ಮೊದಲ ನೂರು ಪುಟ ಸ್ವಲ್ಪ ತಾಳ್ಮೆ ಇರಲಿ.