ಘಮಘಮಿಸುವ ಹಂದಿಮರಿ ಫೀಡ್ ಕೊಳ್ಳುವ ಮುಂಚೆ

ಮರಿಗಳಿಗೆ ಈಗಷ್ಟೇ ತಾಯಿಹಾಲು ಬಿಡಿಸಿರುವವರು ಗಮನಿಸಿ. ಚೀಲ ಬಿಚ್ಚಿದ ಕೂಡಲೇ ವೆನಿಲ್ಲಾ ಬಿಸ್ಕತ್ತಿನ ವಾಸನೆ ಬಂದರೆ, ಅದರಡಿ ಇನ್ಯಾವ ವಾಸನೆ ಮುಚ್ಚಿಟ್ಟಿದ್ದಾರೆ ಎಂದು ಕೇಳಿ.

ಮಳೆಗಾಲದಲ್ಲಿ ಡೀಲರ್ ಒಬ್ಬರು "ಸ್ವೀಟ್ನರ್ ಹಾಕಿದ್ದು, ಮರಿಗಳು ಮುಗಿಬಿದ್ದು ತಿಂತಾವೆ" ಎಂದು ಕೊಟ್ಟರು. ತಿಂದಿದ್ದೂ ನಿಜ. ಹಾಲು ಬಿಟ್ಟ ಹೊಸದರಲ್ಲಿ ಮರಿ ಫೀಡಿನ ಕಡೆ ತಿರುಗಿಯೂ ನೋಡುವುದಿಲ್ಲ, ಹೊಟ್ಟೆ ಖಾಲಿ ಬಿದ್ದಷ್ಟೂ ಕರುಳಿನ ಒಳಪದರ ಸವೆದು ಭೇದಿ ಹಿಡಿಯುತ್ತದೆ. ಹಾಗಾಗಿ ಖುಷಿಯೇ ಆಯಿತು. ವಾರ ಕಳೆಯುವಷ್ಟರಲ್ಲಿ ಹೆಣ್ಣುಮರಿಗಳ ಯೋನಿ ಕೆಂಪಾಗಿ ಊದಿಕೊಂಡಿತು, ಬೆದೆಗೆ ಬಂದ ಹಂದಿಯ ಹಾಗೆ. ಇಷ್ಟು ಸಣ್ಣ ಮರಿಗೆ ಬೆದೆಯೇ? ಒಂದಕ್ಕೆ ತಿಣುಕಿ ತಿಣುಕಿ ಗುದವೇ ಹೊರಬಂತು.

ಬಂದ ಪಶುವೈದ್ಯರು ಮರಿಗಿಂತ ಮೊದಲು ಚೀಲ ನೋಡಿದರು. ಲ್ಯಾಬ್ ವರದಿಯಲ್ಲಿ ಸಿಕ್ಕಿದ್ದು ಜಿಯರಲೆನೋನ್. ಒದ್ದೆ ಮೆಕ್ಕೆಜೋಳಕ್ಕೆ ಹಿಡಿಯುವ ಫ್ಯುಸೇರಿಯಂ ಬೂಷ್ಟಿನ ವಿಷ ಅದು, ಮೈಯೊಳಗೆ ಈಸ್ಟ್ರೋಜನ್ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಹಂದಿಗಳಿಗೆ, ಅದರಲ್ಲೂ ಎಳೆಯ ಹೆಣ್ಣುಮರಿಗಳಿಗೆ, ಬೇಗ ತಟ್ಟುತ್ತದೆ. ಜೋಳ ಒಣಗಿಸಿದರೂ ಬೇಯಿಸಿದರೂ ಹೋಗುವುದಿಲ್ಲ. ಮುಗ್ಗಲು ಜೋಳವನ್ನು ನುಣ್ಣಗೆ ಬೀಸಿ, ಮೇಲೆ ಸಿಹಿ ಮತ್ತು ಸುವಾಸನೆ ಸುರಿದಿದ್ದರು. ಡೀಲರ್ ಕೇಳಿದ್ದು ಒಂದೇ: "ಬಿಲ್ ಇದೆಯಾ?" ಕೊಟ್ಟಿದ್ದರೆ ತಾನೇ ಇರುವುದು!

ಸ್ವೀಟ್ನರ್ ಅಂದರೇ ವಿಷ ಎಂದು ನಾನು ಹೇಳುತ್ತಿಲ್ಲ. ಯುರೋಪಿನಲ್ಲಿ ಮರಿಗಳ ಫೀಡಿಗೆ ಸ್ಯಾಕರಿನ್ ಎಂಬ ಕೃತಕ ಸಿಹಿ ಹಾಕಲು ಹಿಂದೆ ಅನುಮತಿಯಿತ್ತು, ಕಿಲೋಗೆ 150 ಮಿಲಿಗ್ರಾಂ ಮೀರಬಾರದಿತ್ತು ಅಷ್ಟೆ. ಹಂದಿಯ ಕರುಳಿನಲ್ಲೂ ಸಿಹಿ ಗುರುತಿಸುವ ಜೀವಕೋಶಗಳಿವೆ, ಸಕ್ಕರೆ ಹೀರಿಕೊಳ್ಳಲು ಅವು ನೆರವಾಗುತ್ತವೆ. (ನಮಗೆ ಸಿಹಿಯಾದ ಆಸ್ಪರ್ಟೇಮ್ ಹಂದಿಯ ನಾಲಿಗೆಗೆ ಸಿಹಿಯೇ ಅಲ್ಲ. ಅದನ್ನು ಹಾಕಿದ್ದೇವೆ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ.) ಆದರೆ ಸಿಹಿಯು ರುಚಿಯನ್ನು ಮಾತ್ರ ಬದಲಿಸುತ್ತದೆ, ಬೂಷ್ಟಿನ ವಿಷವನ್ನಲ್ಲ. ಒಗರಾಗಿದ್ದರೆ ಮರಿ ತಾನಾಗಿಯೇ ಬಿಟ್ಟುಬಿಡುತ್ತಿದ್ದ ಫೀಡನ್ನೂ ಹೊಟ್ಟೆತುಂಬ ತಿನ್ನಿಸುತ್ತದೆ.

ಫೀಡ್ ನಿಲ್ಲಿಸಿದ ಮೇಲೆ ಊತ ಇಳಿಯಿತು. ಗುದ ಹೊರಬಂದ ಮರಿ ಉಳಿಯಲಿಲ್ಲ.

ಈಗ ಜೋಳವನ್ನು ಕಾಳಾಗಿಯೇ ಕೊಂಡು, ಮುರಿದು ನೋಡಿ, ನಾವೇ ಬೀಸಿಸುತ್ತೇವೆ. ಸಿದ್ಧ ಫೀಡ್ ತರಲೇಬೇಕಾದವರು ಬಿಲ್ ಮತ್ತು ಚೀಲದ ಚೀಟಿ ಬಿಡಬೇಡಿ, ಮುಂದೆ ಲ್ಯಾಬಿಗೆ ಕಳಿಸಬೇಕಾದರೆ ಇರಲಿ ಎಂದು ಪ್ರತಿ ಲೋಡಿನಿಂದ ಒಂದು ಕಿಲೋ ತೆಗೆದು ತಾರೀಕು ಬರೆದು ಒಣಜಾಗದಲ್ಲಿಡಿ.